ಅಡಿಕೆ ರೋಗ ಹುಡುಕಿದರೆ ಬಾಯಿ ಕ್ಯಾನ್ಸರ್ ಲೇಖನ ಬರುತ್ತವೆ, ಏನು ಮಾಡಲಿ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಬದಲು ಜೈವಿಕ ವಿಧಾನ ಏನಿದೆ ಎನ್ನುವುದು ನನ್ನ ವಿಷಯ. ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದರೆ ಸಾವಿರಾರು ಲೇಖನ ಬರುತ್ತವೆ. ಅರ್ಧಕ್ಕರ್ಧ ಬಾಯಿ ಕ್ಯಾನ್ಸರ್ ಬಗ್ಗೆ. ಬೇಕಾದದ್ದು ಕಣ್ಣಿಗೆ ಬಿದ್ದರೆ ಡಾಲರ್‌ನಲ್ಲಿ ಹಣ ಕೇಳುತ್ತದೆ. ಚಾಟ್‌ಜಿಪಿಟಿ ಕೊಟ್ಟ ಪಟ್ಟಿಯಲ್ಲಿನ ಕೆಲವು ಲೇಖನಗಳು ಎಲ್ಲೂ ಸಿಗಲೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬಾಯಿ ಕ್ಯಾನ್ಸರ್‌ನಿಂದಲೇ ಶುರು ಮಾಡೋಣ. ಆ ಲೇಖನಗಳು ಯಾಕೆ ಬರುತ್ತವೆ ಎಂದು ಗೊತ್ತಾದರೆ ಉಳಿದದ್ದು ಸುಲಭ.

ಅಡಿಕೆಯ ಬಗ್ಗೆ ಬರೆಯುವವರಲ್ಲಿ ಎರಡು ಗುಂಪುಗಳಿವೆ. ಒಂದು ತೋಟದವರು, ಇನ್ನೊಂದು ಆಸ್ಪತ್ರೆಯವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. ಶಿರಸಿ ಪೇಟೆಯಲ್ಲಿ ಈ ಮಾತು ಎತ್ತಿದರೆ ಜಗಳವೇ ಆದೀತು, ಇಲ್ಲಿ ಅದು ಬೇಡ. ನಮಗೆ ಬೇಕಾದದ್ದು ಇಷ್ಟು: ವೈದ್ಯರು ಸಾಮಾನ್ಯವಾಗಿ 'ಅರೆಕಾ ನಟ್' ಎಂದು ಬಿಡಿಸಿ ಬರೆಯುತ್ತಾರೆ, ಇಲ್ಲವೇ 'ಬೀಟಲ್ ನಟ್' ಎನ್ನುತ್ತಾರೆ. ನಮ್ಮ ದೇಶದ ಕೃಷಿ ವಿಜ್ಞಾನಿಗಳು ಹೆಚ್ಚಾಗಿ 'ಅರೆಕಾನಟ್' ಎಂದು ಕೂಡಿಸಿ ಬರೆಯುತ್ತಾರೆ. ನೀವು ಬಿಡಿಸಿ ಟೈಪ್ ಮಾಡಿ, ಜೊತೆಗೆ 'ಡಿಸೀಸ್' ಎಂದು ಸೇರಿಸಿದ್ದೀರಿ ಅನ್ನಿಸುತ್ತದೆ. ಹಾಗಿದ್ದರೆ ಆಸ್ಪತ್ರೆಯ ಬಾಗಿಲೇ ತೆರೆಯುತ್ತದೆ.

ಲೇಖನಗಳ ಡೇಟಾಬೇಸ್ ಎಂಬುದು ಬಹುಮಟ್ಟಿಗೆ ಪದಗಳನ್ನು ಹೊಂದಿಸಿ ನೋಡುವ ಯಂತ್ರ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಅದು ಊಹಿಸುವುದಿಲ್ಲ. ನಿಮ್ಮ ವಿಷಯದ ಬಗ್ಗೆ ನೂರು ವರ್ಷದಿಂದ ಯಾರ್ಯಾರು ಯಾವ ಯಾವ ಪದ ಬಳಸಿ ಬರೆದಿದ್ದಾರೋ ಆ ಪದಗಳನ್ನು ಕೊಡಬೇಕಾದವರು ನೀವೇ. ಹಾಗಾಗಿ ಮೊದಲ ಎರಡು ದಿನ ಲೇಖನ ಹುಡುಕಬೇಡಿ. ಪದ ಹುಡುಕಿ.

ಒಂದು ಹಾಳೆ ತೆಗೆದುಕೊಂಡು ಮೂರು ಕಂಬಸಾಲು ಮಾಡಿ. ಒಂದರಲ್ಲಿ ಬೆಳೆ, ಎರಡನೆಯದರಲ್ಲಿ ರೋಗ, ಮೂರನೆಯದರಲ್ಲಿ ನಿರ್ವಹಣೆ.

ಬೆಳೆಯ ಸಾಲು ಸುಲಭ. ಅರೆಕಾನಟ್, ಅರೆಕಾ ನಟ್, ಅರೆಕಾ ಪಾಮ್, ಬೀಟಲ್ ನಟ್, ಮತ್ತೆ ಸಸ್ಯಶಾಸ್ತ್ರೀಯ ಹೆಸರಾದ ಅರೆಕಾ ಕ್ಯಾಟೆಚು. ಇಷ್ಟು ಸಾಕು.

ರೋಗದ ಸಾಲು ಹಾಗಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಾವು ಕೊಳೆರೋಗ ಎನ್ನುವುದನ್ನು ವಿಜ್ಞಾನಿಗಳೂ ಹಾಗೆಯೇ ಇಂಗ್ಲಿಷಿಗೆ ತೆಗೆದುಕೊಂಡು 'ಕೊಳೆರೋಗ' ಎಂದೇ ಬರೆದರು. ಇನ್ನು ಕೆಲವರು 'ಮಹಾಳಿ' ಎಂದರು. ಉಳಿದವರು 'ಫ್ರೂಟ್ ರಾಟ್' ಅಥವಾ 'ನಟ್ ರಾಟ್' ಎಂದರು. ಇವೆಲ್ಲ ರೋಗದ ಹೆಸರುಗಳು. ರೋಗ ತರುವ ಜೀವಿಗೆ ಬೇರೆಯದೇ ಕಥೆ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಮೇಲೆ ಒಂದು ಬುಲೆಟಿನ್ ಪ್ರಕಟಿಸಿದರು. ಅದರಲ್ಲಿ ಈ ಜೀವಿಯನ್ನು ಫೈಟಾಫ್ತೊರಾ ಆಮ್ನಿವೊರಾದ ಒಂದು ಬಗೆ ಎಂದು ಕರೆದರು. 1913ರಲ್ಲಿ ಅದಕ್ಕೆ ಫೈಟಾಫ್ತೊರಾ ಅರೆಕೆ ಎಂಬ ಸ್ವಂತ ಹೆಸರು ಬಂತು. ಮುಂದೆ ಅದನ್ನು ಫೈಟಾಫ್ತೊರಾ ಪಾಮಿವೊರಾ ಎಂಬ ಪ್ರಭೇದಕ್ಕೆ ಸೇರಿಸಿದರು. ಇತ್ತೀಚಿನ ದಶಕಗಳ ಲೇಖನಗಳಲ್ಲಿ ಫೈಟಾಫ್ತೊರಾ ಮೀಡಿ ಎಂಬ ಇನ್ನೊಂದು ಪ್ರಭೇದದ ಹೆಸರೇ ಜಾಸ್ತಿ ಕಾಣುತ್ತದೆ. ನೀವು ಮೀಡಿ ಎಂದು ಮಾತ್ರ ಹುಡುಕಿದರೆ 1950ರ ಸುತ್ತಿನ ಕೆಲಸ ಪೂರ್ತಿ ತಪ್ಪಿಹೋಗುತ್ತದೆ. ಅರೆಕೆ ಎಂದು ಮಾತ್ರ ಹುಡುಕಿದರೆ ಹೊಸತು ತಪ್ಪುತ್ತದೆ. ಪ್ರಭೇದದ ಹೆಸರು ಬಿಟ್ಟು ಬರೀ ಫೈಟಾಫ್ತೊರಾ ಎಂದು ಕೊಟ್ಟು, ಅದಕ್ಕೆ ಬೆಳೆಯ ಹೆಸರು ಜೋಡಿಸುವುದು ಇಲ್ಲಿ ಸರಿಯಾದ ದಾರಿ.

ಹೀಗೆ ಹೆಸರು ಬದಲಾದ ಚರಿತ್ರೆ ನೋಡಲು ಇಂಡೆಕ್ಸ್ ಫಂಗೋರಮ್, ಮೈಕೋಬ್ಯಾಂಕ್ ಎಂಬ ಉಚಿತ ತಾಣಗಳಿವೆ.

'ಕೊಳೆರೋಗ' ಪದದಲ್ಲಿ ಇನ್ನೊಂದು ಉಪದ್ರವ ಇದೆ. ಕಾಫಿಗೆ ಬರುವ ಕಪ್ಪು ಕೊಳೆ ರೋಗಕ್ಕೂ ಇದೇ ಹೆಸರು ಅಂಟಿಕೊಂಡಿದೆ. ಅದನ್ನು ತರುವ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೇ 'ಕೊಳೆರೋಗ' ಸೇರಿಕೊಂಡಿದೆ. ಹಾಗಾಗಿ ಈ ಒಂದೇ ಪದ ಕೊಟ್ಟರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳೂ ಬರುತ್ತವೆ. ಆಗ ಕೈ ತಾನಾಗಿಯೇ 'ನಾಟ್ ಕಾಫಿ' (ಕಾಫಿ ಇರುವುದು ಬೇಡ) ಎಂದು ಟೈಪ್ ಮಾಡಲು ಹೋಗುತ್ತದೆ. ಹಾಗೆ ಮಾಡಬೇಡಿ. ಅಡಿಕೆ ತೋಟದ ನಡುವೆ ಕಾಫಿ ಹಾಕಿದವರು ಮಲೆನಾಡಿನಲ್ಲಿ ಎಷ್ಟು ಜನ ಇಲ್ಲ? ಅಂಥ ಮಿಶ್ರ ತೋಟದ ಕೊಳೆರೋಗದ ಬಗ್ಗೆ ಒಳ್ಳೆಯ ಲೇಖನವಿದ್ದು, ಸಾರಾಂಶದಲ್ಲಿ ಒಮ್ಮೆ ಕಾಫಿ ಎಂದು ಬಂದಿದ್ದರೂ ಅದು ಹೊರಬೀಳುತ್ತದೆ. ಹೊರಬಿದ್ದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಬೇಡದ್ದನ್ನು ಓಡಿಸುವುದಕ್ಕಿಂತ ಬೇಕಾದದ್ದನ್ನು ಕಡ್ಡಾಯ ಮಾಡುವುದು ಒಳ್ಳೆಯದು. ಕೊಳೆರೋಗದ ಜೊತೆ ಅಡಿಕೆಯ ಒಂದಾದರೂ ಹೆಸರು ಇರಲೇಬೇಕು ಎಂದರೆ ಕಾಫಿ ತಾನಾಗಿ ಹೋಗುತ್ತದೆ. ಅಡಿಕೆಯ ಜೊತೆ ಫೈಟಾಫ್ತೊರಾ ಇರಬೇಕು ಎಂದರೆ ಬಾಯಿ ಕ್ಯಾನ್ಸರ್ ಕೂಡ ಹೋಗುತ್ತದೆ. 'ನಾಟ್' ಬೇಕಾಗಲೇ ಇಲ್ಲ ನೋಡಿ.

ಮೂರನೆಯ ಸಾಲು ನಿರ್ವಹಣೆ. ಜೈವಿಕ ನಿಯಂತ್ರಣಕ್ಕೆ 'ಬಯಾಲಾಜಿಕಲ್ ಕಂಟ್ರೋಲ್', 'ಬಯೋಕಂಟ್ರೋಲ್', ನಡುವೆ ಗೆರೆ ಹಾಕಿದ 'ಬಯೋ-ಕಂಟ್ರೋಲ್', 'ಆಂಟಗೊನಿಸ್ಟ್', ಮತ್ತೆ ಟ್ರೈಕೋಡರ್ಮಾ, ಸ್ಯೂಡೊಮೊನಾಸ್, ಬ್ಯಾಸಿಲಸ್ ಮುಂತಾದ ಜೀವಿಗಳ ಹೆಸರು. ಗಿಡಮೂಲದ ಕಷಾಯಗಳಿಗೆ 'ಬೊಟಾನಿಕಲ್ಸ್', 'ಪ್ಲಾಂಟ್ ಎಕ್ಸ್‌ಟ್ರ್ಯಾಕ್ಟ್'. ಹೋಲಿಕೆಗೆ ಬೋರ್ಡೋ ದ್ರಾವಣವೂ ಬೇಕು, ಯಾಕೆಂದರೆ ಜೈವಿಕ ವಿಧಾನದ ಎಷ್ಟೋ ಪ್ರಯೋಗಗಳಲ್ಲಿ ಶೇ. 1ರ ಬೋರ್ಡೋವನ್ನೇ ಎದುರಿಗೆ ಇಟ್ಟಿರುತ್ತಾರೆ. ಶೀರ್ಷಿಕೆಯಲ್ಲಿ ಬೋರ್ಡೋ ಎಂದಿದ್ದರೂ ಒಳಗೆ ನಿಮ್ಮ ಟ್ರೈಕೋಡರ್ಮಾ ಇರಬಹುದು. ಬೋರ್ಡೋದಲ್ಲಿರುವ ಮೈಲುತುತ್ತಕ್ಕೆ, ಅಂದರೆ ಕಾಪರ್ ಸಲ್ಫೇಟ್‌ಗೆ, ಬ್ರಿಟಿಷ್ ಕಾಗುಣಿತದಲ್ಲಿ ಪಿ-ಎಚ್, ಅಮೆರಿಕದ ಕಾಗುಣಿತದಲ್ಲಿ ಎಫ್ ಬರುತ್ತದೆ. ಎರಡನ್ನೂ ಬರೆದುಕೊಳ್ಳಿ. ನಮ್ಮ ಹಳೆಯ ಪದ್ಧತಿಯಾದ ಕೊಟ್ಟೆ ಕಟ್ಟುವುದನ್ನು, ಅಂದರೆ ಅಡಿಕೆ ಕೊನೆಗೆ ಹೊದಿಕೆ ಕಟ್ಟುವುದನ್ನು, ಮರೆಯಬೇಡಿ. ಕರಡದ ಹುಲ್ಲಿನ ಕೊಟ್ಟೆ ಹೋಗಿ ಪ್ಲಾಸ್ಟಿಕ್ ಬಂದ ಮೇಲೂ ಅದು ರಾಸಾಯನಿಕವಿಲ್ಲದ ನಿರ್ವಹಣೆಯೇ ಅಲ್ವಾ? ಲೇಖನಗಳಲ್ಲಿ ಅದನ್ನು 'ಬಂಚ್ ಕವರಿಂಗ್', 'ಪಾಲಿಥೀನ್ ಕವರ್' ಎಂದು ಹುಡುಕಿ. ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಗೊತ್ತಿರುವ ಪದ ಒಂದು, ಪತ್ರಿಕೆಯ ಸಂಪಾದಕ ಒಪ್ಪುವ ಪದ ಇನ್ನೊಂದು.

ಊರಿನ ಹೆಸರನ್ನು ಮೊದಲೇ ಹಾಕಬೇಡಿ. ಶಿರಸಿಯಲ್ಲೇ ಪ್ರಯೋಗ ಮಾಡಿದ್ದರೂ ಸಾರಾಂಶದಲ್ಲಿ ಶಿರಸಿ ಎಂದು ಇರಬೇಕೆಂದೇನಿಲ್ಲ. ಆದರೆ ಹಳೆಯದನ್ನು ಹುಡುಕುವಾಗ ಒಂದು ವಿಷಯ ನೆನಪಿರಲಿ. 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು, ಹೆಸರು 'ನಾರ್ತ್ ಕೆನರಾ'. ಆ ಕಾಲದ ವರದಿಗಳು ಮೈಸೂರಿನ ಪಟ್ಟಿಯಲ್ಲಿ ಸಿಗುವುದಿಲ್ಲ, ಬಾಂಬೆ ಪ್ರೆಸಿಡೆನ್ಸಿಯ ಪಟ್ಟಿಯಲ್ಲಿ ನೋಡಬೇಕು.

ಈಗ ಪದಗಳನ್ನು ಜೋಡಿಸುವುದು. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಒಂದೇ ಸಾಲಿನೊಳಗಿನ ಪದಗಳ ನಡುವೆ 'ಆರ್' ಹಾಕಿ, ಇಡೀ ಸಾಲನ್ನು ಒಂದು ಕಂಸದೊಳಗೆ ಇಡಿ. ಸಾಲು ಸಾಲುಗಳ ನಡುವೆ 'ಆಂಡ್' ಹಾಕಿ. ಈ ಎರಡೂ ದೊಡ್ಡ ಅಕ್ಷರದಲ್ಲೇ ಇರಲಿ. ಎರಡು ಪದ ಜೋಡಿಯಾಗಿ ಒಟ್ಟಿಗೇ ಬರಬೇಕಾದರೆ ಉದ್ಧರಣ ಚಿಹ್ನೆ ಹಾಕಿ. ಕಂಸ ಬಿಟ್ಟರೆ ಏನಾಗುತ್ತದೆ ಗೊತ್ತಾ? ಪಬ್‌ಮೆಡ್ ಎಂಬ ವೈದ್ಯಕೀಯ ಡೇಟಾಬೇಸ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ವೆಬ್ ಆಫ್ ಸೈನ್ಸ್ ಎಂಬ ಇನ್ನೊಂದು ಡೇಟಾಬೇಸ್ 'ಆಂಡ್' ಅನ್ನು ಮೊದಲು ಬಿಡಿಸಿ ಆಮೇಲೆ 'ಆರ್'ಗೆ ಬರುತ್ತದೆ. ಅದೇ ಸಾಲು ಎರಡು ಕಡೆ ಎರಡು ಅರ್ಥ ಕೊಡುತ್ತದೆ. ಕಂಸ ಹಾಕಿದರೆ ಎಲ್ಲರೂ ಒಂದೇ ರೀತಿ ಓದುತ್ತಾರೆ.

ಪದದ ಬಾಲ ಕತ್ತರಿಸಿ ನಕ್ಷತ್ರ ಚಿಹ್ನೆ ಹಾಕುವುದು ಇನ್ನೊಂದು ಉಪಾಯ. 'ಫಂಗಿಸಿಡ್' ವರೆಗೆ ಬರೆದು ನಕ್ಷತ್ರ ಹಾಕಿದರೆ ಫಂಗಿಸೈಡ್, ಅದರ ಬಹುವಚನ, ಫಂಗಿಸೈಡಲ್ ಎಲ್ಲವೂ ಬರುತ್ತವೆ. ಸ್ಕೋಪಸ್, ವೆಬ್ ಆಫ್ ಸೈನ್ಸ್, ಪಬ್‌ಮೆಡ್ ಮೂರರಲ್ಲೂ ಇದು ನಡೆಯುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ನಡೆಯುವುದಿಲ್ಲ. ಬಾಲ ಜಾಸ್ತಿ ಕತ್ತರಿಸಿದರೆ ಬೇಡದ್ದೂ ಬರುತ್ತದೆ. 'ಅರೆಕ್' ಎಂದು ನಿಲ್ಲಿಸಿ ನಕ್ಷತ್ರ ಹಾಕಿದರೆ ಅಡಿಕೆಯೊಳಗಿನ ಅರೆಕೊಲಿನ್ ಎಂಬ ರಾಸಾಯನಿಕದ ಲೇಖನಗಳು ಬಂದು ಮತ್ತೆ ಆಸ್ಪತ್ರೆಗೇ ಹೋಗುತ್ತೀರಿ.

ಪದಗಳು ಪಕ್ಕಪಕ್ಕದಲ್ಲಿ ಇರಬೇಕೆಂದಿಲ್ಲ, ಆದರೆ ಹತ್ತಿರ ಇರಬೇಕು ಎನ್ನುವುದಕ್ಕೂ ಸೌಲಭ್ಯ ಇದೆ. ಒಬ್ಬರು 'ಅರೆಕಾನಟ್ ಫ್ರೂಟ್ ರಾಟ್' ಎಂದು ಬರೆದರೆ ಇನ್ನೊಬ್ಬರು 'ರಾಟ್ ಆಫ್ ಅರೆಕಾನಟ್ ಫ್ರೂಟ್ಸ್' ಎಂದಿರುತ್ತಾರೆ. ವೆಬ್ ಆಫ್ ಸೈನ್ಸ್‌ನಲ್ಲಿ 'ನಿಯರ್' ಎಂದು ಬರೆದು ಓರೆಗೆರೆ ಹಾಕಿ 5 ಎಂದು ಕೊಟ್ಟರೆ, ಎರಡರ ನಡುವೆ ಐದು ಪದಗಳವರೆಗೆ ಅಂತರ ಇರುವುದನ್ನೂ ಹುಡುಕುತ್ತದೆ. ಸ್ಕೋಪಸ್‌ನಲ್ಲಿ 'ನಿಯರ್' ಬದಲು ಡಬ್ಲ್ಯು ಅಕ್ಷರ.

ಹುಡುಕಾಟವೂ ಮೀನಿನ ಬಲೆಯಂತೆ: ಬಲೆಯ ಕಣ್ಣು ಸಣ್ಣದಾದರೆ ಮರಿ ಮೀನು, ಕಸ ಎಲ್ಲ ಬರುತ್ತದೆ. ದೊಡ್ಡದಾದರೆ ಬೇಕಾದ ಮೀನೇ ನುಸುಳಿ ಹೋಗುತ್ತದೆ. ಪಿಎಚ್.ಡಿ.ಯ ಮೊದಲ ವರ್ಷ ಕಣ್ಣು ಸಣ್ಣದೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಮುನ್ನೂರು ಶೀರ್ಷಿಕೆ ಬಂದರೂ ಓದಬಹುದು. ಶೀರ್ಷಿಕೆ ನೋಡಿ ಬಿಡಲು ಒಂದೊಂದಕ್ಕೆ ಕೆಲವೇ ಸೆಕೆಂಡು ಸಾಕು.

ಎಲ್ಲಿ ಹುಡುಕಬೇಕು ಎಂಬುದಕ್ಕೆ ಈಗ ಬರೋಣ. ಗೂಗಲ್ ಸ್ಕಾಲರ್ 2004ರಿಂದ ಇದೆ, ಉಚಿತ, ಎಲ್ಲರಿಗೂ ಪರಿಚಿತ. ಅದರ ದೊಡ್ಡ ಬಲ ಎಂದರೆ ಲೇಖನದ ಒಳಗಿನ ಪೂರ್ತಿ ಪಠ್ಯದಲ್ಲೂ ಹುಡುಕುತ್ತದೆ. ಸಣ್ಣಪುಟ್ಟ ಪತ್ರಿಕೆ, ಪ್ರಬಂಧ, ವರದಿ ಎಲ್ಲ ಅದರಲ್ಲಿ ಸೇರಿರುತ್ತದೆ. ದೌರ್ಬಲ್ಯವೂ ಅಲ್ಲೇ ಇದೆ. ಎಲ್ಲೋ ಕೊನೆಯ ಪುಟದಲ್ಲಿ ಒಮ್ಮೆ ಅಡಿಕೆ ಎಂದು ಬಂದರೂ ತಂದು ಸುರಿಯುತ್ತದೆ. ಸಾವಿರಾರು ಫಲಿತಾಂಶ ಇವೆ ಎಂದು ಮೇಲೆ ಬರೆದರೂ ಅದು ತೋರಿಸುವುದು ಮೊದಲ 1000 ಮಾತ್ರ. ಹುಡುಕುಪದಗಳ ಉದ್ದಕ್ಕೂ 256 ಅಕ್ಷರದ ಮಿತಿ ಇದೆ. ಹಾಗಾಗಿ ನಿಮ್ಮ ಮೂರು ಸಾಲನ್ನು ಪೂರ್ತಿ ಅಲ್ಲಿ ತುರುಕಲು ಆಗುವುದಿಲ್ಲ. ಅಲ್ಲಿ ತುಂಡು ತುಂಡಾಗಿ ಹುಡುಕಿ. 'ಇನ್‌ಟೈಟಲ್' ಎಂದು ಬರೆದು ಎರಡು ಚುಕ್ಕಿ ಹಾಕಿ ಅರೆಕಾನಟ್ ಎಂದು ಕೊಟ್ಟರೆ ಶೀರ್ಷಿಕೆಯಲ್ಲಿ ಆ ಪದ ಇರುವುದು ಮಾತ್ರ ಬರುತ್ತದೆ. ನಿಮ್ಮ ಗೊಂದಲದಲ್ಲಿ ಅರ್ಧ ಇಷ್ಟರಿಂದಲೇ ಕಡಿಮೆಯಾದೀತು.

ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಹಣ ಕೊಟ್ಟು ಪಡೆಯುವ ಸೂಚಿಗಳು. ಶೀರ್ಷಿಕೆ, ಸಾರಾಂಶ, ಕೀವರ್ಡ್ ಇಷ್ಟರಲ್ಲೇ ಹುಡುಕಲು ಹೇಳಬಹುದು. ಹಾಗಾಗಿ ಕಸ ಕಡಿಮೆ. ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇವುಗಳಲ್ಲಿ ಯಾವುದು ಇದೆ ಎಂದು ಕೇಳಿ. ಧಾರವಾಡಕ್ಕೆ ಗೈಡ್ ಭೇಟಿಗೆ ಹೋದ ದಿನ ಎರಡು ತಾಸು ಗ್ರಂಥಾಲಯಕ್ಕೆ ಇಟ್ಟುಕೊಳ್ಳಿ. ಆದರೆ ಈ ಎರಡನ್ನೇ ನಂಬಿ ಕೂರಬೇಡಿ. ನಮ್ಮ ಕೃಷಿ ಪತ್ರಿಕೆಗಳಲ್ಲಿ ಎಷ್ಟೋ ಇವುಗಳಲ್ಲಿ ಸೇರಿಲ್ಲ, ಸೇರಿದ್ದರೂ ಹಳೆಯ ಸಂಚಿಕೆಗಳು ಇರುವುದಿಲ್ಲ. ಅಡಿಕೆಯಂಥ ಬೆಳೆಗೆ ಅದೇ ದೊಡ್ಡ ನಷ್ಟ.

ಪಬ್‌ಮೆಡ್ ಉಚಿತ ಮತ್ತು ಅಚ್ಚುಕಟ್ಟು. ಆದರೆ ಅದು ವೈದ್ಯಕೀಯದ ಮನೆ. ನಿಮ್ಮ ವಿಷಯಕ್ಕೆ ಒಮ್ಮೆ ನೋಡಿ ಬಿಡಿ. ಅದಕ್ಕಿಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನಡೆಸುವ ಆಗ್ರಿಸ್ ನಿಮಗೆ ಹತ್ತಿರ. ಅದೂ ಉಚಿತ. ಅದರ ಜೊತೆ ಆಗ್ರೊವಾಕ್ ಎಂಬ ಪದಕೋಶ ಇದೆ, ಒಂದು ವಿಷಯಕ್ಕೆ ಸಮಾನ ಪದಗಳನ್ನು ಅದು ತೋರಿಸುತ್ತದೆ. ನಿಮ್ಮ ಮೂರು ಸಾಲು ತುಂಬಿಸಲು ಅದು ಒಳ್ಳೆಯ ಸಹಾಯಕ. ಕ್ಯಾಬ್ ಆಬ್‌ಸ್ಟ್ರ್ಯಾಕ್ಟ್ಸ್ ಕೃಷಿಗೆ ಎಲ್ಲಕ್ಕಿಂತ ಗಟ್ಟಿಯಾದ ಸೂಚಿ, ಆದರೆ ಚಂದಾ ಬೇಕು. ಯಾವುದಾದರೂ ಕೃಷಿ ವಿಶ್ವವಿದ್ಯಾಲಯದಲ್ಲಿ ಸ್ನೇಹಿತರಿದ್ದರೆ ಅವರ ಗ್ರಂಥಾಲಯದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ಶಿರಸಿಯ ಅರಣ್ಯ ಕಾಲೇಜು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ ಅಲ್ವಾ? ಮೊದಲು ಅಲ್ಲಿಯ ಗ್ರಂಥಪಾಲಕರನ್ನು ಭೇಟಿ ಮಾಡಿ.

ನಮ್ಮಲ್ಲಿ ಜನ ಕಡೆಗಣಿಸುವ ಒಂದು ನಿಧಿ ಇದೆ: ಪ್ರಬಂಧಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಲಕ್ಷಗಟ್ಟಲೆ ಇವೆ. ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ., ಪಿಎಚ್.ಡಿ. ಪ್ರಬಂಧಗಳು ಕೃಷಿಕೋಶ ಎಂಬ ತಾಣದಲ್ಲಿವೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಕೃಷಿಕೋಶದಿಂದಲೇ ಮೊದಲ ದಿನ ಶುರು ಮಾಡುತ್ತಿದ್ದೆ. ಕೊಳೆರೋಗದ ಮೇಲೆ ಇತ್ತೀಚೆಗೆ ಬರೆದ ಒಂದು ಪ್ರಬಂಧ ತೆಗೆದು, ಅದರ ಎರಡನೆಯ ಅಧ್ಯಾಯ ಮತ್ತು ಕೊನೆಯ ಆಕರ ಪಟ್ಟಿ ಓದಿ. ಯಾರೋ ಒಬ್ಬರು ಎರಡು ಮೂರು ವರ್ಷ ಕೂತು ಕಲೆಹಾಕಿದ್ದು ನಿಮಗೆ ಒಂದು ಸಂಜೆಯಲ್ಲಿ ಸಿಗುತ್ತದೆ. ಆದರೆ ಅಲ್ಲಿಂದ ಸಾಲು ನಕಲು ಮಾಡಬೇಡಿ. ಮೂಲ ಲೇಖನ ತೆರೆದು ನೋಡದೆ ಉಲ್ಲೇಖ ಎತ್ತಿಕೊಂಡರೆ ಹಿಂದಿನವರ ತಪ್ಪು ಇಸವಿ, ತಪ್ಪು ಪುಟ ಎಲ್ಲ ನಿಮ್ಮ ತಲೆಗೆ ಬರುತ್ತದೆ. ಹೀಗೆ ಒಂದೇ ತಪ್ಪು ಮೂರು ತಲೆಮಾರು ದಾಟಿ ಬಂದ ಪ್ರಬಂಧಗಳಿವೆ.

ಕೈಯಾರೆ ಪುಟ ತಿರುವಬೇಕಾದ ಪತ್ರಿಕೆಗಳೂ ಕೆಲವು ಇವೆ. 'ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್', 'ಇಂಡಿಯನ್ ಫೈಟೋಪೆಥಾಲಜಿ', ಧಾರವಾಡದ 'ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್'. ಇವುಗಳ ವಿಷಯಸೂಚಿಯನ್ನು ಸಂಚಿಕೆ ಸಂಚಿಕೆಯಾಗಿ ನೋಡಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಅದರ ವಿಟ್ಲ ಕೇಂದ್ರದ ವಾರ್ಷಿಕ ವರದಿಗಳಲ್ಲಿ, ಲೇಖನವಾಗಿ ಎಂದೂ ಬಾರದ ಪ್ರಯೋಗಗಳ ಫಲಿತಾಂಶ ಸಿಗುವುದುಂಟು. ಫಲ ಕೊಡದ ಪ್ರಯೋಗವನ್ನು ಪತ್ರಿಕೆಗೆ ಕಳಿಸುವವರು ಕಡಿಮೆ. ಜೈವಿಕ ನಿಯಂತ್ರಣದಲ್ಲಿ ಇದು ಮುಖ್ಯ. ಪ್ರಯೋಗಾಲಯದ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಆಷಾಢದ ಮಳೆಯಲ್ಲಿ ಅಡಿಕೆ ಕೊನೆಯ ಮೇಲೆ ನಿಲ್ಲದೆ ತೊಳೆದುಹೋಗಬಹುದು, ಅದರ ಸುದ್ದಿ ನಿಮಗೆ ವರದಿಗಳಲ್ಲೇ ಸಿಗಬೇಕು.

ಒಂದು ಒಳ್ಳೆಯ ಲೇಖನ ಕೈಗೆ ಸಿಕ್ಕಿತು ಎಂದುಕೊಳ್ಳಿ. ಅದರಿಂದ ಎರಡು ಕಡೆ ಹೋಗಬಹುದು. ಅದರ ಆಕರ ಪಟ್ಟಿ ಹಿಡಿದರೆ ಹಿಂದಿನ ಕಾಲಕ್ಕೆ. ಸ್ಕಾಲರ್‌ನಲ್ಲಿ ಅದರ ಕೆಳಗಿನ 'ಸೈಟೆಡ್ ಬೈ' ಒತ್ತಿದರೆ ಮುಂದಿನ ಕಾಲಕ್ಕೆ, ಅಂದರೆ ಅದನ್ನು ಉಲ್ಲೇಖಿಸಿ ಆಮೇಲೆ ಬರೆದವರ ಕಡೆಗೆ. ಯೂಜಿನ್ ಗಾರ್ಫೀಲ್ಡ್ ಎಂಬವರು 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ತಂದಾಗ ಇದಕ್ಕಾಗಿ ದಪ್ಪ ಪುಸ್ತಕಗಳನ್ನು ತಿರುವಬೇಕಿತ್ತು. ಈಗ ಒಂದು ಕ್ಲಿಕ್. ಪದ ಬೇರೆ ಬಳಸಿದ ಲೇಖನವೂ ಈ ದಾರಿಯಲ್ಲಿ ಸಿಕ್ಕಿಬೀಳುತ್ತದೆ. 'ಸೈಟೆಡ್ ಬೈ' ಒತ್ತಿದ ಮೇಲೆ ಬರುವ ಪಟ್ಟಿಯೊಳಗೇ ಹುಡುಕಲು ಒಂದು ಚೌಕ ಇರುತ್ತದೆ. ಅದನ್ನು ಟಿಕ್ ಮಾಡಿ ಟ್ರೈಕೋಡರ್ಮಾ ಎಂದು ಕೊಡಿ. ನೂರು ಲೇಖನ ಇದ್ದದ್ದು ಬೆರಳೆಣಿಕೆಗೆ ಇಳಿಯುತ್ತದೆ.

ನಿಮ್ಮ ಹುಡುಕಾಟ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಹೀಗೆ. ಈ ವಿಷಯದಲ್ಲಿ ಇರಲೇಬೇಕಾದ ನಾಲ್ಕೈದು ಲೇಖನ ಯಾವುವು ಎಂದು ಗೈಡ್ ಹತ್ತಿರ ಕೇಳಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಹುಡುಕುಸಾಲನ್ನು ಡೇಟಾಬೇಸ್‌ಗೆ ಕೊಡಿ. ಆ ನಾಲ್ಕೈದೂ ಬಂದವಾ? ಒಂದು ಬರಲಿಲ್ಲ ಎಂದಾದರೆ ಅದರ ಶೀರ್ಷಿಕೆಯನ್ನೇ ಹಾಕಿ ನೋಡಿ. ಡೇಟಾಬೇಸ್‌ನಲ್ಲೇ ಇಲ್ಲದಿದ್ದರೆ ಅದು ನಿಮ್ಮ ದೋಷವಲ್ಲ. ಇದ್ದೂ ಬರಲಿಲ್ಲ ಎಂದರೆ ಅದರ ಸಾರಾಂಶ ಓದಿ, ಅಲ್ಲಿ ನಿಮ್ಮ ಪಟ್ಟಿಯಲ್ಲಿ ಇಲ್ಲದ ಪದ ಯಾವುದೋ ಇರುತ್ತದೆ. ಅದನ್ನು ಹಾಳೆಗೆ ಸೇರಿಸಿ. ಇಷ್ಟು ಸರಳ ಪರೀಕ್ಷೆಯನ್ನು ಯಾಕೋ ಯಾರೂ ಮಾಡುವುದೇ ಇಲ್ಲ.

ಯಾವ ದಿನ, ಯಾವ ಡೇಟಾಬೇಸ್, ಯಾವ ಸಾಲು, ಎಷ್ಟು ಬಂತು ಎಂದು ಒಂದು ಫೈಲ್‌ನಲ್ಲಿ ಬರೆದಿಡಿ. ಮುಂದೆ ಪ್ರಬಂಧದಲ್ಲಿ 'ಹೀಗೆ ಹುಡುಕಿದೆ' ಎಂದು ಹೇಳಲು ಬೇಕು. ಶಿರಸಿಯ ಮಳೆಗಾಲದಲ್ಲಿ ಇನ್ನೊಂದು ಕಾರಣವೂ ಇದೆ. ಕರೆಂಟು ಹೋಗಿ ನೆಟ್ ಕಡಿದರೆ ಅರ್ಧ ತಾಸು ಕೂತು ಕಟ್ಟಿದ ಸಾಲು ಮಾಯ. ಮೊದಲು ಫೈಲ್‌ನಲ್ಲಿ ಬರೆದು ಆಮೇಲೆ ಅಲ್ಲಿ ಅಂಟಿಸುವ ಅಭ್ಯಾಸ ಮಾಡಿಕೊಳ್ಳಿ. ಸಿಕ್ಕ ಲೇಖನಗಳನ್ನು ಜೊಟೆರೊದಲ್ಲಿ ಸೇರಿಸುತ್ತಾ ಹೋಗಿ. ಅದು ಉಚಿತ ತಂತ್ರಾಂಶ. ಒಂದೇ ಲೇಖನ ಎರಡು ಕಡೆಯಿಂದ ಬಂದಿದ್ದರೆ ತೋರಿಸಿಕೊಡುತ್ತದೆ, ಪತ್ರಿಕೆಯೇ ಹಿಂಪಡೆದ ಲೇಖನವಾದರೆ ಎಚ್ಚರಿಸುತ್ತದೆ.

ಚಾಟ್‌ಜಿಪಿಟಿ ವಿಷಯ. ನಿಮಗೆ ಸಿಗದ ಆ ಲೇಖನಗಳು ಬಹುಶಃ ಇಲ್ಲವೇ ಇಲ್ಲ. ಇಂಥ ತಂತ್ರಾಂಶಗಳು ಲೇಖಕರ ಹೆಸರು, ಪತ್ರಿಕೆ, ಇಸವಿ ಎಲ್ಲ ಚಂದವಾಗಿ ಜೋಡಿಸಿ ಇಲ್ಲದ ಲೇಖನ ಹುಟ್ಟಿಸುವುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಯಾವುದೇ ಉಲ್ಲೇಖಕ್ಕೆ ಡಿಒಐ ಎಂಬ ಗುರುತಿನ ಸಂಖ್ಯೆ ಇದ್ದರೆ ಅದನ್ನು ಡಿಒಐ ತಾಣದಲ್ಲಿ ಹಾಕಿ ನೋಡಿ. ತೆರೆಯಬೇಕು, ತೆರೆದದ್ದು ಅದೇ ಲೇಖನವೂ ಆಗಿರಬೇಕು. ಎಷ್ಟೋ ಸಲ ಸಂಖ್ಯೆ ನಿಜ ಇರುತ್ತದೆ, ಲೇಖನ ಬೇರೆ ಇರುತ್ತದೆ. ಹಳೆಯ ಭಾರತೀಯ ಪತ್ರಿಕೆಗಳಿಗೆ ಡಿಒಐ ಇಲ್ಲದಿರಬಹುದು, ಆಗ ಆ ಪತ್ರಿಕೆಯ ಸಂಚಿಕೆಯಲ್ಲೇ ಪುಟ ನೋಡಬೇಕು. ಸಮಾನ ಪದಗಳ ಪಟ್ಟಿ ಮಾಡಲು ಬೇಕಾದರೆ ಚಾಟ್‌ಜಿಪಿಟಿ ಬಳಸಿ, ಅದಕ್ಕೆ ಅದು ಪರವಾಗಿಲ್ಲ. ಲೇಖನದ ಪಟ್ಟಿ ಮಾತ್ರ ಕೇಳಬೇಡಿ.

ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳ ಬಗ್ಗೆಯೂ ಒಂದು ಮಾತು. ಮೊದಲು, ಯುಜಿಸಿ ಒಪ್ಪಿದ ಪತ್ರಿಕೆಗಳ 'ಯುಜಿಸಿ-ಕೇರ್' ಪಟ್ಟಿ ನೋಡಿ ಅಂತ ಹೇಳುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿತು. ಈಗ ಪತ್ರಿಕೆಯ ಗುಣ ತೂಗುವ ಕೆಲಸ ನಿಮ್ಮದು, ನಿಮ್ಮ ಸಂಸ್ಥೆಯದ್ದು. ಎಲ್ಲರೂ ಉಚಿತವಾಗಿ ಓದಬಹುದಾದ ಮುಕ್ತ ಪತ್ರಿಕೆಯಾದರೆ ಡಿಒಎಜೆ ಎಂಬ ಪಟ್ಟಿಯಲ್ಲಿ ಇದೆಯಾ ನೋಡಿ. ಉಳಿದದ್ದು ಲೇಖನ ಓದಿದರೆ ತಿಳಿಯುತ್ತದೆ. ಎಷ್ಟು ಮರ, ಎಷ್ಟು ಸಲ ಸಿಂಪಡಣೆ, ಔಷಧಿ ಹೊಡೆಯದ ಮರಗಳನ್ನು ಹೋಲಿಕೆಗೆ ಇಟ್ಟಿದ್ದರಾ ಎಂಬುದೇ ಇಲ್ಲದ ಲೇಖನ ಯಾವ ಪಟ್ಟಿಯಲ್ಲಿದ್ದರೂ ಅಷ್ಟೇ.

ಇನ್ನು ಹಣದ ಮಾತು. ಡಾಲರ್ ಕೊಡುವ ಅಗತ್ಯ ನಿಮಗೆ ಬರಲಾರದು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ, ಸರ್ಕಾರವೇ ಪತ್ರಿಕೆಗಳ ಚಂದಾ ಕಟ್ಟುವ 'ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. 2025ರ ಜನವರಿಯಿಂದ ಜಾರಿಯಲ್ಲಿದೆ. ಇದು ಸರ್ಕಾರಿ ವಿಶ್ವವಿದ್ಯಾಲಯ, ಸರ್ಕಾರಿ ಕಾಲೇಜು, ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ನಿಮ್ಮ ಖಾಸಗಿ ಕಾಲೇಜಿಗೆ ಇದು ಸಿಗುವುದಿಲ್ಲ. ಆದರೆ ನೀವು ಬರೀ ಅಧ್ಯಾಪಕಿಯಲ್ಲ, ಧಾರವಾಡದ ಸಂಶೋಧನಾ ವಿದ್ಯಾರ್ಥಿನಿಯೂ ಹೌದು. ಆ ವಿಶ್ವವಿದ್ಯಾಲಯ ಸರ್ಕಾರದ್ದಾದರೆ ಅದರ ಮೂಲಕ ನಿಮಗೂ ಹಕ್ಕಿದೆ. ಗ್ರಂಥಾಲಯಕ್ಕೆ ಹೋಗಿ 'ಇನ್‌ಫೆಡ್ ಲಾಗಿನ್ ಮಾಡಿಕೊಡಿ' ಎಂದು ಕೇಳಿ. ಮನೆಯಲ್ಲಿ ಕೂತೇ ತೆರೆಯಲು ಅದು ಬೇಕು. ಅದರ ಜೊತೆ ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಸಣ್ಣ ಸೇರ್ಪಡೆ ಹಾಕಿಕೊಳ್ಳಿ. ಲೇಖನದ ಉಚಿತ ಪ್ರತಿ ಎಲ್ಲಾದರೂ ನ್ಯಾಯವಾಗಿ ಇಟ್ಟಿದ್ದರೆ ಹಸಿರು ಬೀಗ ತೋರಿಸುತ್ತದೆ. ಸ್ಕಾಲರ್‌ನಲ್ಲಿ 'ಆಲ್ ವರ್ಶನ್ಸ್' ಒತ್ತಿದರೂ ಎಷ್ಟೋ ಸಲ ಪ್ರತಿ ಸಿಗುತ್ತದೆ.

ಎಲ್ಲೂ ಸಿಗದಿದ್ದರೆ ಲೇಖಕರಿಗೇ ಇಮೇಲ್ ಬರೆಯಿರಿ. ಸಾರಾಂಶದ ಪುಟದಲ್ಲಿ ಸಂಪರ್ಕದ ಲೇಖಕರು ಯಾರು ಎಂದು ಇರುತ್ತದೆ. ನಾಲ್ಕೇ ಸಾಲು ಸಾಕು: ನೀವು ಯಾರು, ಎಲ್ಲಿ ಸಂಶೋಧನೆ ಮಾಡುತ್ತಿದ್ದೀರಿ, ಯಾವ ಲೇಖನ, ಯಾಕೆ ಬೇಕು. ಪೂರ್ತಿ ಶೀರ್ಷಿಕೆ ಮತ್ತು ಇಸವಿ ಬರೆಯಿರಿ, 'ನಿಮ್ಮ ಅಡಿಕೆ ಲೇಖನ ಕಳಿಸಿ' ಎಂದರೆ ಅವರಿಗೆ ಯಾವುದೆಂದು ತಿಳಿಯುವುದಿಲ್ಲ. ನಿವೃತ್ತರಾದ ವಿಜ್ಞಾನಿಗಳಿಗೆ ಸಂಸ್ಥೆಯ ಹಳೆಯ ವಿಳಾಸ ನಡೆಯದಿರಬಹುದು, ಆಗ ಅದೇ ಲೇಖನದ ಕಿರಿಯ ಸಹಲೇಖಕರನ್ನು ಹುಡುಕಿ. ಕೇಳುವಾಗ ಇದೇ ವಿಷಯದಲ್ಲಿ ಪ್ರಕಟವಾಗದ ವರದಿ ಏನಾದರೂ ಇದೆಯಾ ಎಂದೂ ಒಂದು ಸಾಲು ಸೇರಿಸಿ.